ಬೇಸಿಗೆ ಶಿಬಿರ, ಈಜುಡುಗೆ ಮತ್ತು ಹೆತ್ತವರ ಹೊಣೆಗಾರಿಕೆ

(ಬೇಸಿಗೆ ರಜೆಯ ಮುನ್ನ ನಡೆದ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಪೇಟೆಗಳ ಗೋಡೆಗಳ ಮೇಲೆ ಬೇಸಿಗೆ ಶಿಬಿರಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಚಿತ್ರಕಲೆ, ನಾಟಕ, ಚೆಸ್, ಕರಾಟೆ, ಚಾರಣ, ಈಜು. ಒಂದು ಕಾಲದಲ್ಲಿ ಬೇಸಿಗೆ ರಜೆಯೆಂದರೆ ಅಜ್ಜಿ ಮನೆ, ಮಾವಿನ ಮರ, ತೋಟದ ಕೆರೆ. ಈಗ ಅಜ್ಜಿ ಮನೆಯೂ ಪೇಟೆಯ ಫ್ಲ್ಯಾಟಿಗೆ ಬಂದಿದೆ. ತಂದೆ ಕೊಲ್ಲಿ ರಾಷ್ಟ್ರದಲ್ಲಿ, ತಾಯಿ ಒಬ್ಬಳೇ ಮನೆಯಲ್ಲಿ, ಮಕ್ಕಳ ಕೈಯಲ್ಲಿ ಮೊಬೈಲ್. ಇಂತಹ ಸ್ಥಿತಿಯಲ್ಲಿ ಎರಡು ವಾರಗಳ ಶಿಬಿರವೆಂಬುದು ಅನೇಕ ಮನೆಗಳಿಗೆ ಸಮಾಧಾನದ ಉಸಿರು. ಆದ್ದರಿಂದ ಶಿಬಿರಗಳು ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಅವು ಬೇಕು. ಇಂದು ನನ್ನ ಮಾತು ಆ ಶಿಬಿರಗಳ ಅರ್ಜಿ ನಮೂನೆಯ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವ ಒಂದು ಸಾಲಿನ ಕುರಿತು: ಮಕ್ಕಳು ಯಾವ ಉಡುಪಿನಲ್ಲಿ ಬರಬೇಕು, ಈಜುಕೊಳಕ್ಕೆ ಇಳಿಯುವಾಗ ಏನು ಧರಿಸಬೇಕು ಎಂಬ ನಿಯಮದ ಕುರಿತು.

ಈ ಸಾಲನ್ನು ಓದಿದಾಗ ನಮ್ಮಲ್ಲಿ ಮೂರು ಬಗೆಯ ಹೆತ್ತವರು ಕಾಣಿಸುತ್ತಾರೆ. ಮೊದಲನೆಯವರು, ಆ ಸಾಲನ್ನು ಓದಿದ ಕೂಡಲೇ ಅರ್ಜಿಯನ್ನು ಮಡಚಿಟ್ಟು, ಮಗಳನ್ನು ಮನೆಯಲ್ಲೇ ಉಳಿಸುವವರು. ಎರಡನೆಯವರು, ಏನನ್ನೂ ಓದದೆ ಸಹಿ ಹಾಕಿ, ‘ಎಲ್ಲರ ಮಕ್ಕಳು ಹೇಗೋ ನಮ್ಮವರೂ ಹಾಗೆ’ ಎಂದು ಕೈತೊಳೆದುಕೊಳ್ಳುವವರು. ಮೂರನೆಯವರು, ಮಗಳನ್ನು ಶಿಬಿರಕ್ಕೆ ಕಳುಹಿಸಿ, ನೀರಿನ ಹೊತ್ತಿಗೆ ಮಾತ್ರ ಅವಳನ್ನು ದಂಡೆಯಲ್ಲಿ ಕೂರಿಸುವವರು. ಈ ಮೂವರಲ್ಲೂ ಒಂದು ಸಮಾನ ಅಂಶವಿದೆ. ಮೂವರೂ ಆ ನಿಯಮದ ಬಗ್ಗೆ ಶಿಬಿರದವರನ್ನು ಒಂದು ಮಾತೂ ಕೇಳುವುದಿಲ್ಲ.

ಇತರರನ್ನು ದೂರುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾನು ಮೂರನೆಯ ಗುಂಪಿಗೆ ಸೇರಿದವನು. ಎರಡು ವರ್ಷಗಳ ಹಿಂದೆ ಹನ್ನೆರಡರ ಮಗ ಮತ್ತು ಒಂಬತ್ತರ ಮಗಳನ್ನು ಒಂದೇ ಶಿಬಿರಕ್ಕೆ ಸೇರಿಸಿದೆ. ಕೊನೆಯ ಐದು ದಿನ ಈಜು ಕಲಿಕೆ. ‘ಈಜುಡುಗೆ ಕಡ್ಡಾಯ, ಹತ್ತಿ ಬಟ್ಟೆಗೆ ಅವಕಾಶವಿಲ್ಲ’ ಎಂದು ಅರ್ಜಿಯಲ್ಲಿತ್ತು. ಮಗನ ಅರ್ಜಿಗೆ ಯೋಚಿಸದೆ ಸಹಿ ಹಾಕಿದೆ. ಮಗಳ ಅರ್ಜಿಯ ಮೇಲೆ ‘ದಯವಿಟ್ಟು ನೀರಿಗೆ ಇಳಿಸಬೇಡಿ’ ಎಂದು ಬರೆದೆ. ಹೆಣ್ಣು ಮಕ್ಕಳ ಉಡುಪಿನ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಲೇಖನ ಬರೆದ ಕೈ ಅದು. ಐದು ದಿನವೂ ಅವಳು ಬೆಂಚಿನಲ್ಲಿ ಕುಳಿತು ಬೇರೆ ಮಕ್ಕಳ ಚಪ್ಪಲಿ, ಟವೆಲ್‌ಗಳನ್ನು ಕಾದಳು. ಕೊನೆಯ ದಿನ ಮನೆಗೆ ಬಂದವಳು ಅಳಲಿಲ್ಲ, ಜಗಳವಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: “ಅಬ್ಬಾ, ಅಣ್ಣನ ಚಡ್ಡಿ ಮೊಣಕಾಲಿಗಿಂತ ಎಷ್ಟು ಮೇಲಿತ್ತು, ನೀವು ನೋಡಿದ್ದೀರಾ? ಅದು ಸರಿಯಾ?”

ನಾನು ನೋಡಿರಲಿಲ್ಲ. ನೋಡಬೇಕೆಂದು ನನಗೆ ಅನಿಸಿಯೂ ಇರಲಿಲ್ಲ.

ಮರುದಿನ ಆ ಈಜುಕೊಳದ ತರಬೇತುದಾರರ ಬಳಿಗೆ ಹೋದೆ. ‘ಹತ್ತಿ ಬಟ್ಟೆ ಯಾಕೆ ಬೇಡ?’ ಎಂದು ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ಹತ್ತಿ ನೀರನ್ನು ಹೀರಿ ಭಾರವಾಗುತ್ತದೆ, ಕಲಿಯುವ ಮಗುವನ್ನು ಕೆಳಕ್ಕೆ ಎಳೆಯುತ್ತದೆ. ಸಡಿಲವಾದ ಬಟ್ಟೆ ನೀರಿನಲ್ಲಿ ಮೇಲಕ್ಕೆ ತೇಲಿ ಮುಖಕ್ಕೆ ಅಡ್ಡ ಬರುತ್ತದೆ, ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ಬಟ್ಟೆಯ ಎಳೆಗಳು ಕಳಚಿ ನೀರು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಮನೆಯಿಂದ ಧರಿಸಿ ಬಂದ ಬಟ್ಟೆಯ ಧೂಳು, ಬೆವರು ಕೊಳವನ್ನು ಸೇರುತ್ತದೆ. ‘ಹಾಗಾದರೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯಲ್ಲಿ ಹೊಲಿದ, ಮಣಿಕಟ್ಟಿನವರೆಗೆ ತೋಳು, ಹರಡಿನವರೆಗೆ ಕಾಲು ಇರುವ ಉಡುಪು?’ ಎಂದೆ. ‘ಧಾರಾಳವಾಗಿ ಧರಿಸಬಹುದು, ತಲೆಗೆ ಈಜು ಟೋಪಿ ಹೇಗೂ ಎಲ್ಲರಿಗೂ ಇದೆ’ ಎಂದರು. ಅನಂತರ ಅವರು ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ: “ಸಾರ್, ಇಷ್ಟು ವರ್ಷಗಳಲ್ಲಿ ನಿಮ್ಮವರು ಯಾರೂ ಬಂದು ಕೇಳಲೇ ಇಲ್ಲ. ಮಕ್ಕಳನ್ನು ಸುಮ್ಮನೆ ಕೂರಿಸಿ ಹೋಗುತ್ತಾರೆ.”

ನಾನು ಯಾವ ನಿಯಮಕ್ಕೆ ಹೆದರಿದ್ದೆನೋ ಆ ನಿಯಮ ಅಲ್ಲಿ ಇರಲೇ ಇಲ್ಲ. ನಿಯಮವಿದ್ದದ್ದು ಬಟ್ಟೆಯ ಜಾತಿಯ ಬಗ್ಗೆ, ಅಳತೆಯ ಬಗ್ಗೆ ಅಲ್ಲ. ನನ್ನ ಮಗಳ ಐದು ದಿನಗಳನ್ನು ಕಸಿದುಕೊಂಡದ್ದು ಶಿಬಿರವಲ್ಲ, ನನ್ನ ಮೌನ.

ಎಲ್ಲ ಕಡೆಯೂ ಹೀಗೆಯೇ ಇರುತ್ತದೆಂದು ನಾನು ಹೇಳುವುದಿಲ್ಲ. ಮೊಂಡು ನಿಯಮಗಳೂ ಇವೆ. ಅವುಗಳ ಬಗ್ಗೆ ಮುಂದೆ ಮಾತಾಡೋಣ. ಮೊದಲು ನಮ್ಮ ದೀನ್ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಲಜ್ಜೆ ಅಥವಾ ಹಯಾ ಈಮಾನಿನ ಭಾಗವೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆದರೆ ಅದು ಹೆಣ್ಣಿನ ಈಮಾನಿನ ಭಾಗ ಮಾತ್ರ ಎಂದು ಅವರು ಹೇಳಿಲ್ಲ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವನ್ನು ತೆರೆಯಿರಿ. ದೃಷ್ಟಿಯನ್ನು ತಗ್ಗಿಸಬೇಕು, ಶೀಲವನ್ನು ಕಾಪಾಡಬೇಕು ಎಂಬ ಆದೇಶ 30ನೇ ವಚನದಲ್ಲಿ ಮೊದಲು ಬರುವುದು ಸತ್ಯವಿಶ್ವಾಸಿ ಪುರುಷರಿಗೆ. ಸ್ತ್ರೀಯರಿಗೆ ಸಂಬಂಧಿಸಿದ ಆದೇಶ ಅದರ ನಂತರದ 31ನೇ ವಚನದಲ್ಲಿದೆ. ನಾವು 31ನೇ ವಚನವನ್ನು ಕಂಠಪಾಠ ಮಾಡಿದ್ದೇವೆ, 30ನ್ನು ಮರೆತಿದ್ದೇವೆ. ಗಂಡಸು ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮುಚ್ಚಿಕೊಳ್ಳಬೇಕೆಂಬುದು ಫಿಕ್ಹಿನ ಬಹುಪಾಲು ವಿದ್ವಾಂಸರ ನಿಲುವು. ತೊಡೆ ತೋರುವ ಚಡ್ಡಿಯಲ್ಲಿ ಮಗ ನೀರಿಗೆ ಹಾರಿದಾಗ ನಾವು ಫೋಟೋ ತೆಗೆದು ಬಂಧುಗಳಿಗೆಲ್ಲ ಕಳುಹಿಸುತ್ತೇವೆ. ಮಗಳ ತೋಳಿನ ಪ್ರಶ್ನೆ ಬಂದಾಗ ಮಾತ್ರ ನಮಗೆ ಶರೀಅತ್ ನೆನಪಾಗುತ್ತದೆ. ಇದು ಶರೀಅತಿನ ಪಾಲನೆಯಲ್ಲ. ಶರೀಅತಿನ ಹೆಸರಲ್ಲಿ ನಾವು ಮಾಡುವ ಪಕ್ಷಪಾತ.

ಒಂದು ವಿಷಯ ಗಮನಿಸಿ. ಈಜು ಸ್ಪರ್ಧೆಗಳ ಅಂತಾರಾಷ್ಟ್ರೀಯ ಸಂಸ್ಥೆಯಾಗಿದ್ದ ಫಿನಾ, 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವಿಶೇಷ ಉಡುಪುಗಳಿಂದಾಗಿ ದಾಖಲೆಗಳು ಒಂದರ ಮೇಲೊಂದು ಮುರಿದು ಬಿದ್ದ ಬಳಿಕ, 2010ರಲ್ಲಿ ಉಡುಪಿನ ಹೊಸ ನಿಯಮ ತಂದಿತು. ಅದರ ಪ್ರಕಾರ ಪುರುಷರ ಈಜುಡುಗೆ ಹೊಕ್ಕುಳಿಗಿಂತ ಮೇಲೆ ಹೋಗಬಾರದು, ಮೊಣಕಾಲಿಗಿಂತ ಕೆಳಗೆ ಇಳಿಯಬಾರದು. ಅಂದರೆ ಒಲಿಂಪಿಕ್ಸ್ ಓಟಕ್ಕೆ ಇಳಿಯುವವನೂ ಹೊಕ್ಕುಳಿನ ಬಳಿಯಿಂದ ಮೊಣಕಾಲಿನವರೆಗಿನ ಉಡುಪನ್ನು ಧರಿಸಬಹುದು. ಹೀಗಿರುತ್ತಾ ನಮ್ಮ ಪೇಟೆಯ ಹನ್ನೆರಡರ ಹುಡುಗನಿಗೆ ಅಷ್ಟು ಉದ್ದದ ಉಡುಪು ಕೊಡಿಸಲು ಅಡ್ಡಿಯೇನು? ಅದೇ ನಿಯಮ ಹೆಂಗಸರ ಉಡುಪಿನ ತೋಳು, ಕಾಲಿನ ಉದ್ದಕ್ಕೆ ಮಿತಿ ಹಾಕಿತು ಎಂಬುದೂ ನಿಜ. ಆದರೆ ಅದು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಪೈಪೋಟಿ ನಡೆಯುವ ಸ್ಪರ್ಧೆಗೆ. ‘ಅಂತಾರಾಷ್ಟ್ರೀಯ ನಿಯಮದಲ್ಲಿ ಪೂರ್ಣ ಉಡುಪು ಇಲ್ಲ’ ಎಂದು ಯಾರಾದರೂ ಹೇಳಿದರೆ, ‘ನನ್ನ ಮಗಳು ದಾಖಲೆ ಮುರಿಯಲು ಬಂದಿಲ್ಲ, ತೇಲಲು ಕಲಿಯಲು ಬಂದಿದ್ದಾಳೆ’ ಎಂದು ವಿನಯದಿಂದ ಉತ್ತರಿಸಿ.

ವಯಸ್ಸಿನ ಪ್ರಶ್ನೆಯೂ ಇದೆ. ಮಗುವಿಗೆ ಏಳನೇ ವಯಸ್ಸಿನಲ್ಲಿ ನಮಾಝ್ ಕಲಿಸಲು, ಹತ್ತನೇ ವಯಸ್ಸಿಗೆ ಮಕ್ಕಳ ಹಾಸಿಗೆ ಬೇರ್ಪಡಿಸಲು ಪ್ರವಾದಿ(ಸ) ಹೇಳಿದ ಹದೀಸ್ ಅಬೂದಾವೂದಿನಲ್ಲಿದೆ. ಇಸ್ಲಾಮ್ ಮೆಟ್ಟಿಲು ಮೆಟ್ಟಿಲಾಗಿ ತರಬೇತಿ ಕೊಡುತ್ತದೆ. ಐದರ ಮಗುವಿಗೂ ಹದಿನೈದರ ಹುಡುಗಿಗೂ ಒಂದೇ ಕೋಲಿನಿಂದ ಅಳೆಯುವುದು ತರ್ಬಿಯತ್ ಅಲ್ಲ. ಹಾಗೆಂದು ಪ್ರೌಢರಾಗುವ ಹಿಂದಿನ ದಿನದವರೆಗೆ ಏನೂ ಕಲಿಸದೆ, ಮರುದಿನ ಎಲ್ಲವನ್ನೂ ಹೇರುವುದೂ ತರ್ಬಿಯತ್ ಅಲ್ಲ.

ಇನ್ನು ಈಜಿನ ಮಾತು. ನಮ್ಮಲ್ಲಿ ಅನೇಕರು ಈಜನ್ನು ಮೋಜಿನ ಪಟ್ಟಿಗೆ ಸೇರಿಸಿದ್ದಾರೆ. ವ್ಯರ್ಥ ವಿನೋದವೆಂದು ಪರಿಗಣಿಸಬಾರದ ನಾಲ್ಕು ಸಂಗತಿಗಳಲ್ಲಿ ಈಜು ಕಲಿಯುವುದೂ ಒಂದು ಎಂಬ ಅರ್ಥದ ವರದಿ ಇಮಾಮ್ ನಸಾಈಯವರ ಸಂಗ್ರಹದಲ್ಲಿದೆ. ಮಕ್ಕಳಿಗೆ ಈಜು, ಬಿಲ್ವಿದ್ಯೆ, ಕುದುರೆ ಸವಾರಿ ಕಲಿಸಿ ಎಂಬ ಪ್ರಸಿದ್ಧ ಮಾತನ್ನು ಮಿಂಬರ್‌ಗಳಲ್ಲಿ ಪ್ರವಾದಿ ವಚನವೆಂದೇ ಹೇಳುವುದುಂಟು. ಅದು ಹಝ್ರತ್ ಉಮರ್(ರ)ರ ಮಾತೆಂದು ಹೇಳುವುದು ಹೆಚ್ಚು ಸರಿ. ಆ ಮಾತಿನಲ್ಲಿ ‘ಮಕ್ಕಳು’ ಎಂಬುದಕ್ಕೆ ಬಳಕೆಯಾಗಿರುವ ಅರಬಿ ಪದ ‘ಔಲಾದ್’. ಗಂಡು ಮಕ್ಕಳೆಂದು ನಾವು ಅದನ್ನು ಓದಿಕೊಂಡಿದ್ದೇವೆ. ಆದರೆ ಇದೇ ಪದ ಅನ್ನಿಸಾ ಅಧ್ಯಾಯದ 11ನೇ ವಚನದಲ್ಲಿ, ವಾರೀಸು ಹಕ್ಕಿನ ಸಂದರ್ಭದಲ್ಲಿ ಬರುತ್ತದೆ. ಅಲ್ಲಿ ‘ಔಲಾದ್’ ಎಂದು ಹೇಳಿ, ಕೂಡಲೇ ಗಂಡಿನ ಪಾಲೆಷ್ಟು, ಹೆಣ್ಣಿನ ಪಾಲೆಷ್ಟು ಎಂದು ವಿವರಿಸಲಾಗಿದೆ. ಅಂದರೆ ಪದದೊಳಗೆ ಇಬ್ಬರೂ ಇದ್ದಾರೆ. ಮಗಳಿಗೆ ಆಸ್ತಿಯ ಪಾಲು ಕೊಡುವಾಗಲೂ ಕೈ ನಡುಗುವ ಸಮುದಾಯ, ನೀರಿನ ಪಾಲು ಕೊಡುವಾಗ ಹಿಂಜರಿಯುವುದರಲ್ಲಿ ಆಶ್ಚರ್ಯವಿಲ್ಲವೇನೋ.

ನಾನು ಮದ್ರಸದಲ್ಲಿ ತಹಾರತಿನ ಅಧ್ಯಾಯ ಓದುವಾಗ ನೀರಿನ ಎಲ್ಲ ವಿಧಗಳನ್ನೂ ಕಲಿತೆ. ಹರಿಯುವ ನೀರು, ನಿಂತ ನೀರು, ಬಾವಿಯ ನೀರು, ಯಾವುದರಿಂದ ವುಝೂ ಸಿಂಧು, ಯಾವುದರಿಂದ ಅಲ್ಲ. ಆದರೆ ಅದೇ ನೀರಿಗೆ ಬಿದ್ದರೆ ಹೇಗೆ ಬದುಕಿ ಬರಬೇಕೆಂದು ಕಲಿಯಲಿಲ್ಲ. ಇಂದಿಗೂ ನನಗೆ ಈಜು ಬರುವುದಿಲ್ಲ.

ಇದನ್ನು ನಗುವಿನ ವಿಷಯವೆಂದು ಬಿಡುವಂತಿಲ್ಲ. 2021ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಅಂದಾಜಿಸಿದೆ. 5ರಿಂದ 14 ವರ್ಷದ ಮಕ್ಕಳ ಸಾವಿನ ಮುಖ್ಯ ಕಾರಣಗಳಲ್ಲಿ ಮುಳುಗುವಿಕೆಗೆ ಮೂರನೇ ಸ್ಥಾನ. ನಮ್ಮ ಕರಾವಳಿಯನ್ನೇ ನೋಡಿ. 2024ರ ನವೆಂಬರಿನಲ್ಲಿ ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ವಸತಿಗೃಹದ ಈಜುಕೊಳದಲ್ಲೇ ಮುಳುಗಿ ತೀರಿಕೊಂಡರು. ಮರು ತಿಂಗಳು ಮುರ್ಡೇಶ್ವರದ ಕಡಲಿನಲ್ಲಿ, ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ನಾವು ಕಳೆದುಕೊಂಡೆವು. ಎಲ್ಲರೂ ಹೆಣ್ಣು ಮಕ್ಕಳು. ಈಜು ಬಲ್ಲವರೆಲ್ಲ ಬದುಕುತ್ತಾರೆಂದು ನಾನು ಹೇಳಲಾರೆ, ಕಡಲಿನ ಮುಂದೆ ನಿಪುಣರೂ ಸೋಲುತ್ತಾರೆ. ಆದರೆ ಏನೂ ತಿಳಿಯದ ಮಗುವಿಗಿಂತ, ನಾಲ್ಕು ನಿಮಿಷ ತೇಲಲು ಬಲ್ಲ ಮಗುವಿಗೆ ನೆರವು ತಲುಪುವ ಸಾಧ್ಯತೆ ಹೆಚ್ಚು. ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಶರಾವತಿ ನದಿಗಳ ದಡಗಳಲ್ಲಿ ಮನೆ ಕಟ್ಟಿಕೊಂಡಿರುವ ನಾವು ಮಗಳಿಗೆ ನೀರನ್ನು ನಿಷೇಧಿಸಬಹುದು. ನೀರಿಗೆ ನಮ್ಮ ಮಗಳನ್ನು ನಿಷೇಧಿಸಲಾರೆವು.

ಸಹೋದರರೇ, ಉಡುಪಿನ ನಿಯಮದ ಮುಜುಗರ ನಮ್ಮದು ಮಾತ್ರ ಎಂಬ ಭ್ರಮೆಯನ್ನು ಬಿಡಬೇಕು. ಆ ತರಬೇತುದಾರರನ್ನು ನಾನು ಮಾತಾಡಿಸಿದ ದಿನ ಅಲ್ಲಿದ್ದ ಒಬ್ಬ ಹಿಂದೂ ತಾಯಿ, ‘ನಮಗೂ ಹಾಗೆಯೇ ಅನಿಸುತ್ತಿತ್ತು, ಹೇಳಲು ಸಂಕೋಚವಾಗುತ್ತಿತ್ತು’ ಎಂದರು. 2021ರಲ್ಲಿ ಯುರೋಪಿನ ಬೀಚ್ ಹ್ಯಾಂಡ್‌ಬಾಲ್ ಪಂದ್ಯಾವಳಿಯಲ್ಲಿ ನಾರ್ವೆಯ ವನಿತೆಯರು ಬಿಕಿನಿಯ ಬದಲು ಚಡ್ಡಿ ಧರಿಸಿ ಆಡಿದ್ದಕ್ಕೆ ತಂಡಕ್ಕೆ 1,500 ಯೂರೋ ದಂಡ ಬಿತ್ತು. ಜಗತ್ತು ಪ್ರಶ್ನಿಸಿತು, ಅದೇ ವರ್ಷ ಅಂತಾರಾಷ್ಟ್ರೀಯ ಹ್ಯಾಂಡ್‌ಬಾಲ್ ಸಂಸ್ಥೆ ನಿಯಮ ಬದಲಿಸಿತು. ಅದೇ ವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಜಿಮ್ನಾಸ್ಟ್‌ಗಳು ಕಾಲು ಪೂರ್ಣ ಮುಚ್ಚುವ ಉಡುಪು ಧರಿಸಿದರು. ಅವರು ಮುಸ್ಲಿಮರಲ್ಲ. ತಮ್ಮ ದೇಹ ಎಷ್ಟು ಕಾಣಬೇಕೆಂದು ಬೇರೆಯವರು ನಿರ್ಧರಿಸಬಾರದು ಎಂಬುದಷ್ಟೇ ಅವರ ವಾದ. ನಮ್ಮ ಹೆಣ್ಣು ಮಕ್ಕಳ ವಾದವೂ ಅದೇ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನೆಲೆಸಿದ ಲೆಬನಾನ್ ಮೂಲದ ಅಹೆದಾ ಝನೆಟ್ಟಿ ಎಂಬ ಮಹಿಳೆ, ತನ್ನ ಸೋದರ ಸಂಬಂಧದ ಹುಡುಗಿ ಪದರ ಪದರ ಬಟ್ಟೆ ಧರಿಸಿ ನೆಟ್‌ಬಾಲ್ ಆಡಲು ಪಡುತ್ತಿದ್ದ ಪಾಡನ್ನು ಕಂಡರು. ಅವರು ‘ಆಟ ಬಿಡು’ ಎನ್ನಲಿಲ್ಲ, ‘ಹಿಜಾಬ್ ಬಿಡು’ ಎಂದೂ ಹೇಳಲಿಲ್ಲ. ಸೂಜಿ ದಾರ ಹಿಡಿದರು. 2004ರಲ್ಲಿ ಅವರು ರೂಪಿಸಿದ ಈಜುಡುಗೆಯೇ ಬುರ್ಕಿನಿ. 2005ರ ಡಿಸೆಂಬರಿನಲ್ಲಿ ಸಿಡ್ನಿಯ ಕ್ರೊನುಲ್ಲಾ ಕಡಲ ತೀರದಲ್ಲಿ ಜನಾಂಗೀಯ ಗಲಭೆ ನಡೆದ ಬಳಿಕ, ಅಲ್ಲಿನ ಜೀವರಕ್ಷಕ ಸಂಘಟನೆಯು ಮುಸ್ಲಿಮ್ ಯುವತಿಯರಿಗೆ ತರಬೇತಿ ಕೊಟ್ಟಾಗ, ಜೀವರಕ್ಷಕರ ಕೆಂಪು ಹಳದಿ ಬಣ್ಣದಲ್ಲೇ ಬುರ್ಕಿನಿ ಸಿದ್ಧವಾಯಿತು. ಮುಳುಗುವವರನ್ನು ಎಳೆದು ತರುವ ಕೈಗಳು ಮುಸ್ಲಿಮ್ ಹೆಣ್ಣು ಮಕ್ಕಳದ್ದೂ ಆದವು.

ಇದಕ್ಕೆ ವಿರುದ್ಧವಾದ ಚಿತ್ರ ಫ್ರಾನ್ಸಿನದ್ದು. 2016ರ ಬೇಸಿಗೆಯಲ್ಲಿ ಅಲ್ಲಿನ ಹಲವು ಕರಾವಳಿ ನಗರಗಳು ಬುರ್ಕಿನಿಯನ್ನು ನಿಷೇಧಿಸಿದವು. ಆಗಸ್ಟ್ 26ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವು ವಿಲ್‌ನೂವ್ ಲೂಬೆ ಎಂಬ ಊರಿನ ನಿಷೇಧವನ್ನು ತಡೆಹಿಡಿಯಿತು. ಆದರೆ 2022ರ ಜೂನ್ 21ರಂದು ಅದೇ ನ್ಯಾಯಾಲಯವು, ಪುರಸಭೆಯ ಈಜುಕೊಳಗಳಲ್ಲಿ ಅಂತಹ ಉಡುಪಿಗೆ ಅವಕಾಶ ಕೊಟ್ಟಿದ್ದ ಗ್ರೆನೋಬಲ್ ನಗರದ ನಿಯಮಕ್ಕೆ ತಡೆ ನೀಡಿದ್ದನ್ನು ಎತ್ತಿ ಹಿಡಿಯಿತು. ಸ್ವಾತಂತ್ರ್ಯದ ತವರೆಂದು ಕರೆಸಿಕೊಳ್ಳುವ ದೇಶದಲ್ಲಿ ಹೆಚ್ಚು ಬಟ್ಟೆ ಧರಿಸುವುದೇ ಅಪರಾಧವೆನಿಸಿದ್ದು ವಿಪರ್ಯಾಸ. ಅದನ್ನು ನಾವು ಖಂಡಿಸಲೇಬೇಕು.

ಆದರೆ ಸ್ವಿಟ್ಜರ್ಲೆಂಡಿನ ಪ್ರಕರಣವನ್ನೂ ಪ್ರಾಮಾಣಿಕವಾಗಿ ಓದಬೇಕು. ಬಾಸೆಲ್ ನಗರದ ಟರ್ಕಿ ಮೂಲದ ದಂಪತಿ, ಇನ್ನೂ ಪ್ರೌಢರಾಗದ ತಮ್ಮ ಇಬ್ಬರು ಹೆಣ್ಣು ಮಕ್ಕಳನ್ನು ಶಾಲೆಯ ಮಿಶ್ರ ಈಜು ತರಗತಿಗೆ ಕಳುಹಿಸಲಿಲ್ಲ. ಅವರಿಗೆ ಒಟ್ಟು 1,400 ಫ್ರಾಂಕ್ ದಂಡ ಬಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2017ರ ಜನವರಿ 10ರಂದು ಹೆತ್ತವರ ವಿರುದ್ಧ ತೀರ್ಪಿತ್ತಿತು. ದಂಡ ವಿಧಿಸಿ ಒಮ್ಮತ ಮೂಡಿಸುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಆದರೆ ಅಲ್ಲಿನ ಶಾಲೆ ಬುರ್ಕಿನಿಗೆ ಅವಕಾಶ ಕೊಟ್ಟಿತ್ತು, ಹುಡುಗರಿಲ್ಲದ ಕಡೆ ಬಟ್ಟೆ ಬದಲಿಸುವ ಏರ್ಪಾಡನ್ನೂ ಮಾಡಿತ್ತು ಎಂಬುದನ್ನು ನಮ್ಮ ಪತ್ರಿಕೆಗಳಲ್ಲಿ ನಾವು ಬರೆಯುವುದಿಲ್ಲ. ಜರ್ಮನಿಯ ಫೆಡರಲ್ ಆಡಳಿತ ನ್ಯಾಯಾಲಯವೂ 2013ರ ಸೆಪ್ಟೆಂಬರ್ 11ರಂದು, ಫ್ರಾಂಕ್‌ಫರ್ಟ್‌ನ ಮುಸ್ಲಿಮ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಬುರ್ಕಿನಿ ಧರಿಸಿ ತರಗತಿಗೆ ಬರಬಹುದಾದ್ದರಿಂದ ವಿನಾಯಿತಿ ಅಗತ್ಯವಿಲ್ಲ ಎಂದಿತು. ಒಂದು ದೇಶ ‘ಆ ಉಡುಪಿನಲ್ಲಿ ಬಾರದಿರು’ ಎನ್ನುತ್ತದೆ, ಇನ್ನೊಂದು ‘ಆ ಉಡುಪಿನಲ್ಲಾದರೂ ಬಾ’ ಎನ್ನುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ದೂರದ ಮಾತು ಸಾಕು. ನಮ್ಮ ಮನೆಯಂಗಳಕ್ಕೆ ಬರೋಣ. 2022ರ ಫೆಬ್ರವರಿ 5ರ ಸರಕಾರಿ ಆದೇಶದ ಬಳಿಕ, ಕರ್ನಾಟಕದ ಕಾಲೇಜುಗಳ ಗೇಟಿನ ಹೊರಗೆ ನಮ್ಮ ಹೆಣ್ಣು ಮಕ್ಕಳು ನಿಂತರು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿ ಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ದಿನಗಳಲ್ಲಿ ನಾವೆಲ್ಲರೂ ಒಂದೇ ಮಾತು ಹೇಳಿದೆವು. ವೇದಿಕೆಗಳಲ್ಲಿ ಹೇಳಿದೆವು, ಪತ್ರಿಕೆಗಳಲ್ಲಿ ಬರೆದೆವು: ಬಟ್ಟೆಯ ಕಾರಣಕ್ಕೆ ಹೆಣ್ಣು ಮಗಳನ್ನು ಕಲಿಕೆಯಿಂದ ಹೊರಗಿಡಬೇಡಿ. ಅದು ಸತ್ಯದ ಮಾತು. ಹಾಗಾದರೆ ಅದೇ ಬಟ್ಟೆಯ ಕಾರಣಕ್ಕೆ ನಾವೇ ನಮ್ಮ ಮಗಳನ್ನು ಈಜುಕೊಳದ ಹೊರಗೆ, ಆಟದ ಮೈದಾನದ ಹೊರಗೆ, ಚಾರಣದ ಬಸ್ಸಿನ ಹೊರಗೆ ನಿಲ್ಲಿಸಿದಾಗ ಆ ಸತ್ಯ ಎಲ್ಲಿ ಹೋಗುತ್ತದೆ? ಸರಕಾರ ಮುಚ್ಚಿದ ಬಾಗಿಲಿಗೆ ಹೋರಾಟ, ನಾವು ಮುಚ್ಚಿದ ಬಾಗಿಲಿಗೆ ಮೌನ. ಇದು ಹೇಗೆ ಸರಿ?

ಆದ್ದರಿಂದ ನನ್ನ ಮನವಿ ಇಷ್ಟೇ. ಲಜ್ಜೆಯನ್ನು ಬಿಡಬೇಡಿ, ಮಗಳನ್ನೂ ದಂಡೆಯಲ್ಲಿ ಬಿಡಬೇಡಿ. ಕೇಳಿ. ಅರ್ಜಿಗೆ ಸಹಿ ಹಾಕುವ ಮುನ್ನ, ಶಿಬಿರ ಆರಂಭವಾಗುವ ಎರಡು ವಾರ ಮೊದಲು ಹೋಗಿ ಕೇಳಿ. ನೀರಿಗೆ ಯಾವ ಬಟ್ಟೆ ಆಗಬಹುದು? ಪೂರ್ಣ ತೋಳು, ಪೂರ್ಣ ಕಾಲಿನ ಉಡುಪಿಗೆ ಅಡ್ಡಿಯಿದೆಯೇ? ಇದ್ದರೆ ಯಾವ ಕಾರಣಕ್ಕೆ? ದೊಡ್ಡ ಹುಡುಗಿಯರಿಗೆ ಬೇರೆ ಸಮಯವಿದೆಯೇ, ಮಹಿಳಾ ತರಬೇತುದಾರರಿದ್ದಾರೆಯೇ? ಬಟ್ಟೆ ಬದಲಿಸುವ ಕೋಣೆಗೆ ಸರಿಯಾದ ಬಾಗಿಲು, ಚಿಲಕ ಇದೆಯೇ, ಅಲ್ಲಿಗೆ ಮೊಬೈಲ್ ಒಯ್ಯದಂತೆ ನೋಡಿಕೊಳ್ಳುವವರಿದ್ದಾರೆಯೇ? ಮಕ್ಕಳ ಫೋಟೋ, ವೀಡಿಯೋ ತೆಗೆಯುವವರು ಯಾರು, ಅದನ್ನು ಎಲ್ಲಿ ಹಾಕುತ್ತಾರೆ? ಜೀವರಕ್ಷಕರು ಎಷ್ಟು ಮಂದಿ? ಈ ಪ್ರಶ್ನೆಗಳನ್ನು ಮಗನಿಗಾಗಿಯೂ ಕೇಳಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯು ಗಂಡು ಹೆಣ್ಣೆಂಬ ಭೇದ ಮಾಡದೆ 18 ವರ್ಷದೊಳಗಿನ ಎಲ್ಲರನ್ನೂ ಮಗುವೆಂದೇ ಪರಿಗಣಿಸುತ್ತದೆ.

ಸುರಕ್ಷತೆಯ ಕಾರಣ ಕೊಟ್ಟರೆ ಅದನ್ನು ಒಪ್ಪಿಕೊಳ್ಳಿ. ಚೂಡಿದಾರ್, ದುಪಟ್ಟಾ, ಬುರ್ಖಾ ಧರಿಸಿ ನೀರಿಗೆ ಇಳಿಯುವುದು ಅಪಾಯ. ಅದನ್ನು ಧರ್ಮನಿಷ್ಠೆಯೆಂದು ತಿಳಿಯಬೇಡಿ. ಮೈಗೆ ಸರಿಯಾಗಿ ಕೂರುವ, ನೀರು ಹೀರದ ಬಟ್ಟೆ, ಅದರ ಮೇಲೆ ತೊಡೆಯವರೆಗೆ ಬರುವ ಅದೇ ಬಟ್ಟೆಯ ಅಂಗಿ, ಗಂಟು ಪಿನ್ನುಗಳಿಲ್ಲದ ಟೋಪಿ, ಇಷ್ಟು ಸಾಕು. ಅಂಗಡಿಯ ಬೆಲೆ ಹೆಚ್ಚೆನಿಸಿದರೆ ಬಟ್ಟೆ ತಂದು ಊರಿನ ದರ್ಜಿಯಿಂದ ಹೊಲಿಸಿಕೊಳ್ಳಬಹುದು. ಸುರಕ್ಷತೆಯ ಕಾರಣವಿಲ್ಲದೆ ‘ಇಲ್ಲಿ ಹೀಗೆಯೇ’ ಎಂದು ಮಾತ್ರ ಹೇಳಿದರೆ, ಜಗಳವಾಡದೆ ಲಿಖಿತವಾಗಿ ಕೇಳಿ, ಇತರ ಧರ್ಮಗಳ ಹೆತ್ತವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಒಬ್ಬರ ದೂರು ಕಿರಿಕಿರಿ ಎನಿಸುತ್ತದೆ, ಹತ್ತು ಮನೆಗಳ ಮನವಿ ನಿಯಮವನ್ನು ಬದಲಿಸುತ್ತದೆ.

ಶಿಬಿರ ನಡೆಸುವ ಮಿತ್ರರಿಗೂ ಒಂದು ಮಾತು. ನಿಮ್ಮ ಅರ್ಜಿಯಲ್ಲಿ ‘ಈಜುಡುಗೆ ಕಡ್ಡಾಯ’ ಎಂಬ ಎರಡು ಪದಗಳ ಬದಲು, ‘ಮೈ ಪೂರ್ತಿ ಮುಚ್ಚುವ ಈಜುಡುಗೆಗೂ ಅವಕಾಶವಿದೆ’ ಎಂದು ಇನ್ನೊಂದು ಸಾಲು ಸೇರಿಸಿ. ಖರ್ಚಿಲ್ಲದ ಆ ಒಂದು ಸಾಲು ಎಷ್ಟೋ ಮಕ್ಕಳನ್ನು ಬೆಂಚಿನಿಂದ ಎಬ್ಬಿಸುತ್ತದೆ.

ನಮ್ಮ ಸಂಸ್ಥೆಗಳಿಗಂತೂ ಕಹಿ ಮಾತು ಹೇಳಲೇಬೇಕಾಗಿದೆ. ನಾವೂ ಬೇಸಿಗೆಯಲ್ಲಿ ತರ್ಬಿಯತ್ ಶಿಬಿರ ನಡೆಸುತ್ತೇವೆ. ಬೆಳಿಗ್ಗೆ ಹುಡುಗರಿಗೂ ಹುಡುಗಿಯರಿಗೂ ಕುರ್‌ಆನ್, ಹದೀಸ್. ಸಂಜೆಯಾದರೆ ಹುಡುಗರಿಗೆ ಫುಟ್‌ಬಾಲ್, ಹುಡುಗಿಯರಿಗೆ ಮೆಹಂದಿ. ಪ್ರವಾದಿ(ಸ) ಪತ್ನಿ ಆಯಿಶಾ(ರ)ರ ಜೊತೆ ಓಟದ ಪಂದ್ಯ ಮಾಡಿದ್ದನ್ನು ನಾವು ಭಾಷಣದಲ್ಲಿ ಸವಿಸ್ತಾರವಾಗಿ ವರ್ಣಿಸುತ್ತೇವೆ. ನಮ್ಮ ಶಿಬಿರದ ಹುಡುಗಿಗೆ ಓಡಲು ಹತ್ತು ಅಡಿ ಜಾಗ ಕೊಡುವುದಿಲ್ಲ. ಮದುವೆ ಸಭಾಂಗಣಗಳಿಗೆ ಲಕ್ಷಗಟ್ಟಲೆ ಸುರಿಯುವ ನಾವು, ಊರಿನ ಈಜುಕೊಳವನ್ನು ವಾರಕ್ಕೆ ಎರಡು ತಾಸು ಹೆಣ್ಣು ಮಕ್ಕಳಿಗಾಗಿ ಬಾಡಿಗೆಗೆ ಪಡೆಯಲಾರೆವೇ? ನಮ್ಮದೇ ನಾಲ್ವರು ಯುವತಿಯರನ್ನು ತರಬೇತುದಾರರನ್ನಾಗಿ ಸಿದ್ಧಪಡಿಸಲಾರೆವೇ? ಆ ತಾಸುಗಳಿಗೆ ನೆರೆಯ ಹಿಂದೂ, ಕ್ರೈಸ್ತ ತಾಯಂದಿರನ್ನೂ ಕರೆಯಿರಿ. ಅವರು ಬಂದೇ ಬರುತ್ತಾರೆ.

ಕೊನೆಯದಾಗಿ, ಪರಸ್ಪರರ ಮಕ್ಕಳ ಮೇಲೆ ಫತ್ವಾ ಹೊರಡಿಸುವ ಚಟವನ್ನು ಬಿಡೋಣ. ಇಂಥವರ ಮಗಳು ನೀರಿಗೆ ಇಳಿದಳಂತೆ, ಇಂಥವರ ಮಗಳ ತೋಳು ಕಾಣುತ್ತಿತ್ತಂತೆ ಎಂದು ವಾಟ್ಸಾಪಿನಲ್ಲಿ ಹರಡುವವರಿಗೆ ಹಯಾದ ಬಗ್ಗೆ ಮಾತಾಡುವ ಅರ್ಹತೆಯಿಲ್ಲ. ಬೇರೆಯವರ ದೋಷವನ್ನು ಮುಚ್ಚುವುದೂ ಉಡುಪೇ. ಉಡುಪುಗಳಲ್ಲಿ ತಕ್ವಾದ ಉಡುಪೇ ಶ್ರೇಷ್ಠವೆಂದು ಅಲ್ಲಾಹನು ಅಲ್‌ಅಅ್‌ರಾಫ್ ಅಧ್ಯಾಯದಲ್ಲಿ ನಮಗೆ ತಿಳಿಸಿಲ್ಲವೇ? ಮತ್ತು ಮಗಳೊಡನೆ ಮಾತಾಡೋಣ. ಅವಳ ದೇಹವೇ ನಾಚಿಕೆಗೇಡು ಎಂಬಂತೆ ಅಲ್ಲ, ಅದು ಅಲ್ಲಾಹನ ಅಮಾನತ್ತು ಎಂಬಂತೆ. ಅಮಾನತ್ತನ್ನು ಮುಚ್ಚಿಡುವುದಷ್ಟೇ ಅಲ್ಲ, ಕಾಪಾಡುವುದೂ ಬಲಪಡಿಸುವುದೂ ನಮ್ಮ ಹೊಣೆ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳು ನೀರಿಗೆ ಇಳಿದಳು. ಕಡು ನೀಲಿ ಬಣ್ಣದ ಉಡುಪು, ಅವಳ ಉಮ್ಮನೇ ಹೊಲಿಸಿಕೊಟ್ಟದ್ದು. ಮಗನಿಗೆ ಮೊಣಕಾಲು ದಾಟುವ ಚಡ್ಡಿ. ಮೂರನೇ ದಿನ ಅವಳು ಕೊಳದ ಅಗಲವನ್ನು ದಾಟಿ ಬಂದು, ದಂಡೆಯಲ್ಲಿ ಟವೆಲ್ ಹಿಡಿದು ಕುಳಿತಿದ್ದ ನನ್ನನ್ನು ನೋಡಿ, “ಅಬ್ಬಾ, ನೀವು ಯಾವಾಗ ಕಲಿಯುತ್ತೀರಿ?” ಎಂದಳು. ಇನ್‌ಶಾ ಅಲ್ಲಾಹ್, ಈ ಬೇಸಿಗೆಯಲ್ಲಿ ಅವಳಿಗೆ ಉತ್ತರ ಕೊಡಬೇಕೆಂದಿದ್ದೇನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಲಜ್ಜೆಯನ್ನೂ ಧೈರ್ಯವನ್ನೂ ಜೊತೆಯಾಗಿ ಕರುಣಿಸಲಿ. ಅವರನ್ನು ನೆಲದಲ್ಲೂ ನೀರಿನಲ್ಲೂ ಕಾಪಾಡಲಿ. ಕೇಳಬೇಕಾದಲ್ಲಿ ಕೇಳುವ, ತಿದ್ದಿಕೊಳ್ಳಬೇಕಾದಲ್ಲಿ ತಿದ್ದಿಕೊಳ್ಳುವ ಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೀನ್.

ವಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹಿ ವ ಬರಕಾತುಹು.